ಕೇರಿಗೂ ಲೇಔಟಿಗೂ ನಡುವೆ ಒಂದಡಿ

ಹಸಿ ಕಾಂಕ್ರೀಟು ಚರ್ಮ ಸುಡುತ್ತದೆ. ಅದರ ಮೇಲೆ ನಡೆಯುವವರಿಗೆ ಇದು ಗೊತ್ತಿರುವುದಿಲ್ಲ. ಸುಟ್ಟಾಗ ತಕ್ಷಣ ಉರಿಯೂ ಇರುವುದಿಲ್ಲ. ಸಂಜೆ ಪ್ಯಾಂಟು ಬಿಚ್ಚುವಾಗ ಮೊಣಕಾಲಿನ ಸಿಪ್ಪೆ ಬಟ್ಟೆಗೆ ಅಂಟಿಕೊಂಡು ಬರುತ್ತದೆ. ನಾನು ಹೊಸಿಯಾ ರ‍್ಯಾಂಕಿನ್. ಇಪ್ಪತ್ತಾರು ವರ್ಷ ಮೊಣಕಾಲೂರಿ ಕಾಂಕ್ರೀಟು ಎಳೆದವನು. ಲಾರ್ಕಿನ್ ಊರಿನ ಅರ್ಧ ಫುಟ್‌ಪಾತು ನನ್ನ ಕೈಯದು. ನಮ್ಮ ಕೇರಿಯಲ್ಲಿ ಫುಟ್‌ಪಾತಿಲ್ಲ.

ನಮ್ಮ ಕೇರಿಯ ಹೆಸರು ಟ್ಯಾನ್‌ಯಾರ್ಡ್. ನಮ್ಮ ಮುತ್ತಾತಂದಿರು ಅಲ್ಲಿ ಚರ್ಮ ಹದ ಮಾಡುತ್ತಿದ್ದರು. ನಾರುವ ಕೆಲಸ, ಅದಕ್ಕೇ ಕರಿಯರಿಗೆ ಬಿಟ್ಟಿದ್ದು. ಚರ್ಮದ ಕಾರ್ಖಾನೆ ಮುಚ್ಚಿ ಎಪ್ಪತ್ತು ವರ್ಷವಾಯಿತು. ನಾವು ಅಲ್ಲೇ ಉಳಿದೆವು. ನಲವತ್ತೊಂದು ಮನೆ, ಒಂದು ಚರ್ಚು. ಪುರಸಭೆಯ ಗಡಿಯ ಗೆರೆ ನಮ್ಮನ್ನು ಮೂರು ಕಡೆ ಸುತ್ತಿ ಹೋಗುತ್ತದೆ, ಒಳಗೆ ಸೇರಿಸುವುದಿಲ್ಲ. ಊರಿಗೆ ನೀರು ಒಯ್ಯುವ ಪೈಪು ನಮ್ಮ ಅಂಗಳದ ಕೆಳಗೇ ಹಾದು ಹೋಗುತ್ತದೆ. ನಾವು ಬಾವಿ ನೀರು ಕುಡಿಯುತ್ತೇವೆ. ಭೂಪಟ ನೋಡಿದವರಿಗೆ ಗಡಿ ಬರೆದವನ ಕೈ ನಮ್ಮ ಹತ್ತಿರ ಬಂದಾಗ ಮಾತ್ರ ಹೇಗೆ ಹುಷಾರಾಯಿತೆಂದು ಕಾಣುತ್ತದೆ.

ಕೇರಿಯಿಂದ ಹೊರಗೆ ಬರಲು ಒಂದೇ ರಸ್ತೆ. ಅದರ ಮೇಲೆ ರೈಲು ಹಳಿ. ಕಾಗದದ ಗಿರಣಿಗೆ ಹೋಗುವ ಗೂಡ್ಸು ರೈಲು ದಿನಕ್ಕೆರಡು ಸಲ ಬಂದು ಸರಿಯಾಗಿ ಆ ರಸ್ತೆಗೆ ಅಡ್ಡ ನಿಲ್ಲುತ್ತದೆ. ಕೆಲವೊಮ್ಮೆ ಹತ್ತು ನಿಮಿಷ, ಕೆಲವೊಮ್ಮೆ ಐವತ್ತು. ಗಿರಣಿ ಕರೆಯುವವರೆಗೂ ಅದು ಕದಲುವುದಿಲ್ಲ.

ನನ್ನಕ್ಕ ಲವಾಡಾಳ ಗಂಡ ಎನ್ನಿಸ್ ಸತ್ತದ್ದು ಹಾಗೆ. ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಎದೆ ಹಿಡಿದುಕೊಂಡು ವರಾಂಡದ ಕುರ್ಚಿಯಲ್ಲಿ ಕೂತ. ಆಂಬುಲೆನ್ಸು ಒಂಬತ್ತೇ ನಿಮಿಷಕ್ಕೆ ಬಂತು. ಬಂದು ರೈಲಿನ ಆಚೆ ನಿಂತಿತು. ಅದರ ಸೈರನ್ನು ಎನ್ನಿಸನಿಗೆ ಕೇಳುತ್ತಿತ್ತು. 'ಬಂದ್ರಲ್ಲ' ಅಂದನಂತೆ. ಮೂವತ್ತೈದು ನಿಮಿಷ ಅವನು ಆ ಸೈರನ್ನು ಕೇಳುತ್ತಾ ಕೂತಿದ್ದ. ರೈಲು ಕದಲುವ ಹೊತ್ತಿಗೆ ಕೇಳುವುದನ್ನು ನಿಲ್ಲಿಸಿದ್ದ.

ಅದಾದ ಮೂರನೇ ವರ್ಷ, ತೊಂಬತ್ತೇಳರ ಮಾರ್ಚಿನಲ್ಲಿ, ಸ್ಟ್ರೌಡ್ ಎಂಬಾತ ನಮ್ಮ ಚರ್ಚಿಗೆ ಬಂದ. ಕೇರಿಯ ಪೂರ್ವಕ್ಕಿದ್ದ ಪೈನ್ ಕಾಡನ್ನು ಒಂದು ಕಂಪನಿ ಕೊಂಡಿತ್ತು. ಹೆರನ್ ಗ್ಲೆನ್ ಎಂಬ ಹೊಸ ಲೇಔಟು, ನೂರಾ ಹತ್ತು ಸೈಟು. ಸ್ಟ್ರೌಡ್ ಆ ಕಂಪನಿಯವನು. ಭಾನುವಾರದ ಪ್ರಾರ್ಥನೆ ಮುಗಿದು ಊಟಕ್ಕೆ ಕೂತಿದ್ದೆವು. ಅವನೂ ನಮ್ಮ ಜೊತೆ ಕೂತು ಕರಿದ ಕೋಳಿ, ಸೊಪ್ಪು, ಮೆಕ್ಕೆಜೋಳದ ಬ್ರೆಡ್ಡು ತಿಂದ. ಎರಡನೇ ಸಲ ಬಡಿಸಿಕೊಂಡ. ಬಿಳಿಯನೊಬ್ಬ ನಮ್ಮ ಮೇಜಿನಲ್ಲಿ ಎರಡನೇ ಸಲ ಬಡಿಸಿಕೊಂಡರೆ ಏನೋ ಕೇಳಲು ಬಂದಿದ್ದಾನೆಂದೇ ಲೆಕ್ಕ.

ಊಟವಾದ ಮೇಲೆ ಬಣ್ಣದ ನಕ್ಷೆ ಬಿಚ್ಚಿದ. ಹೆರನ್ ಲೇನ್ ಎಂಬ ರಸ್ತೆ ಇಪ್ಪತ್ತೆಂಟು ಅಡಿ ಅಗಲದಲ್ಲಿ ಲೇಔಟಿನ ನಡುವೆ ಹಾದು ನೇರ ನಮ್ಮ ಕೇರಿಯ ಕಡೆ ಬರುತ್ತಿತ್ತು. ಅದರ ಇನ್ನೊಂದು ತುದಿ ಹೆದ್ದಾರಿಗೆ, ಆಸ್ಪತ್ರೆಗೆ. ನಡುವೆ ಹಳಿಯಿಲ್ಲ. ಜನ ಕುರ್ಚಿ ಬಿಟ್ಟೆದ್ದು ನಕ್ಷೆಯ ಸುತ್ತ ನಿಂತರು. ಯಾರೋ 'ದೇವರು ಕಣ್ಣು ಬಿಟ್ಟ' ಅಂದರು. ರಸ್ತೆ ನಿಮ್ಮ ಗಡಿಯ ತನಕ ಬರುತ್ತದೆ ಎಂದು ಸ್ಟ್ರೌಡ್ ಹೇಳಿದ.

ಲವಾಡಾ ಎದ್ದಿರಲಿಲ್ಲ. ಅವಳು ಊರಿನ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅಡುಗೆ ಮಾಡುವವಳು. ಕೂತಲ್ಲಿಂದಲೇ ಕೇಳಿದಳು.

"ನಮ್ಮ ಗಡಿ ತನಕ ಬರ್ತೈತೋ, ನಮ್ಮ ಗಡಿಗೆ ಸೇರ್ತೈತೋ?"

ಸ್ಟ್ರೌಡ್ ನಕ್ಕ. "ಎರಡೂ ಒಂದೇ ಅಲ್ವಾ, ಮೇಡಂ?"

"ಒಂದೇ ಆದ್ರೆ ಸೇರ್ತೈತೆ ಅಂತ್ಲೇ ಹೇಳಿ."

ಅವನು ಮತ್ತೆ ನಕ್ಕ. ಸೇರುತ್ತದೆ ಎನ್ನಲಿಲ್ಲ. ಚರ್ಚಿಗೆ ನಾಲ್ಕು ಫ್ಯಾನು ಕಳಿಸುತ್ತೇನೆಂದ. ಮುಂದಿನ ವಾರ ಫ್ಯಾನು ಬಂದವು. ಅವುಗಳ ಕೆಳಗೆ ಕೂತು ತಣ್ಣಗಾದ ಜನ ಲವಾಡಾಳನ್ನು ಬೈದರು. ಒಳ್ಳೆಯದು ಬಾಗಿಲಿಗೆ ಬಂದರೂ ಮೂಸಿ ನೋಡುವ ಚಾಳಿ ಅವಳದು ಎಂದರು. ನಾನೂ ಒಂದು ಮಾತು ಸೇರಿಸಿದೆ. ಯಾಕೆಂದರೆ ಆ ಲೇಔಟಿನ ಕಾಂಕ್ರೀಟು ಕೆಲಸ ನನ್ನ ಧಣಿ ಬೋಮನ್‌ಗೆ ಸಿಕ್ಕಿತ್ತು. ಎರಡು ವರ್ಷದ ಕೆಲಸ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರ.

ಲವಾಡಾ ಯಾರಿಗೂ ಹೇಳದೆ ಪುರಸಭೆಗೆ ಹೋದಳು. ಹೊಸ ಲೇಔಟಿನ ರಸ್ತೆ, ಸೈಟು, ಕಾಲುದಾರಿ ಹೇಗಿರಬೇಕೆಂದು ಪುರಸಭೆಯದ್ದೇ ಒಂದು ನಿಯಮಪುಸ್ತಕ ಇದೆ ಎಂದು ಶಾಲೆಯ ಟೀಚರೊಬ್ಬರಿಂದ ಕೇಳಿದ್ದಳು. ಕೌಂಟರಿನಲ್ಲಿದ್ದವಳು ಮಿಸ್ ಕೆಸ್ಲರ್, ನಗರಯೋಜನೆ ವಿಭಾಗದ ಹುಡುಗಿ. ಪುಸ್ತಕ ಮನೆಗೆ ಕೊಡುವಂತಿಲ್ಲ ಎಂದಳು. ಜೆರಾಕ್ಸ್ ಯಂತ್ರ ಕೆಟ್ಟಿದೆ ಎಂದಳು. ಅವಳ ಬೆನ್ನ ಹಿಂದೆ ಆ ಯಂತ್ರ ಕಾಗದ ಉಗುಳುತ್ತಲೇ ಇತ್ತಂತೆ. ಲವಾಡಾ ಜಗಳ ಮಾಡಲಿಲ್ಲ. ಮೂರು ದಿನ ಮಧ್ಯಾಹ್ನದ ಪಾತ್ರೆ ತೊಳೆದ ಮೇಲೆ ಹೋಗಿ, ಕೌಂಟರಿನ ಮುಂದೆ ನಿಂತೇ ಓದಿದಳು. ಶಾಲೆಯ ಊಟದ ಪಟ್ಟಿಯ ಹಿಂಬದಿಯಲ್ಲಿ ಬರೆದುಕೊಂಡಳು. ಕುರ್ಚಿ ಯಾರೂ ಕೊಡಲಿಲ್ಲ.

ಅವಳು ಬರೆದು ತಂದದ್ದು ಮೂರು ನಿಯಮ. ಹೊಸ ರಸ್ತೆ ಲೇಔಟಿನ ಅಂಚಿನವರೆಗೂ ಹೋಗಬೇಕು, ಪಕ್ಕದವರು ಮುಂದೆ ಸೇರಿಕೊಳ್ಳುವಂತಿರಬೇಕು. ಮೂವತ್ತಕ್ಕಿಂತ ಹೆಚ್ಚು ಮನೆಗಳು ಒಂದೇ ದಾರಿಯನ್ನು ನಂಬಿಕೊಂಡು ಇರಬಾರದು. ಪಕ್ಕದವರನ್ನು ತಡೆಯಲೆಂದು ರಸ್ತೆಯ ತುದಿಯಲ್ಲಿ ನೆಲದ ಪಟ್ಟಿ ಉಳಿಸಿಕೊಳ್ಳಕೂಡದು.

ನನ್ನ ಅಡುಗೆಮನೆಯಲ್ಲಿ ಕೂತು ಅದನ್ನು ಓದಿ ಹೇಳಿದಳು. ನಾನು ಖುಷಿಪಟ್ಟೆ. ನಿಯಮ ನಮ್ಮ ಕಡೆಗೇ ಇದೆಯಲ್ಲ, ಇನ್ನೇನು ಅಂದೆ.

"ಮೂರ್ನೇದು ಓದ್ದಾಗ ನಂಗೆ ಭಯ ಆಯ್ತು ಕಣೋ," ಅಂದಳು. "ಯಾರೋ ಎಲ್ಲೋ ಹಂಗೆ ಮಾಡಿರ‍್ದೆ ಇಂಥ ರೂಲ್ಸು ಬರೆಯಲ್ಲ. ಪಟ್ಟಿ ಉಳಿಸ್ಕೊಂಡ್ರೆ ತಡೀಬೋದು ಅಂತ ಅವರಿಗೆ ಗೊತ್ತೈತೆ. ನೀನು ಅಲ್ಲೇ ಇರ್ತೀಯ. ಕಣ್ಣಿಟ್ಟಿರು."

ಕಣ್ಣಿಟ್ಟಿರುತ್ತೇನೆ ಎಂದೆ.

ಜೂನ್ ತಿಂಗಳಲ್ಲಿ ನಾವು ಹೆರನ್ ಲೇನಿನ ಕರ್ಬ್ ಹಾಕುತ್ತಾ ಪಶ್ಚಿಮಕ್ಕೆ ಬಂದೆವು. ಕರ್ಬ್ ಅಂದರೆ ರಸ್ತೆಯಂಚಿನ ಆರು ಅಂಗುಲದ ಕಟ್ಟೆ. ನೋಡಲು ಏನೂ ಅಲ್ಲ. ಕಟ್ಟುವವನಿಗೆ ಬೆನ್ನು ಮುರಿಯುತ್ತದೆ. ಮಣ್ಣು ಅಗೆಯಬೇಕು, ಹಲಗೆ ನಿಲ್ಲಿಸಬೇಕು, ದಾರ ಕಟ್ಟಬೇಕು. ಲಾರಿ ಬಂದಮೇಲೆ ಉಸಿರಾಡಲು ಹೊತ್ತಿರುವುದಿಲ್ಲ. ಸಲಿಕೆಯಿಂದ ಎಳೆ, ಕುಟ್ಟು, ಕರಣೆಯಿಂದ ಒರೆ, ಅಂಚು ದುಂಡಗೆ ಮಾಡು, ಬಿರುಕು ಬಿಟ್ಟರೂ ಅಲ್ಲೇ ಬಿಡಲೆಂದು ಹತ್ತಡಿಗೊಂದು ಸಂದು ಕೊಯ್ಯಿ. ಬಿಸಿಲಿಗೆ ಅದು ನಮಗಿಂತ ಬೇಗ ಗಟ್ಟಿಯಾಗುತ್ತದೆ. ಆ ತಿಂಗಳು ನಮ್ಮವನೊಬ್ಬ ಎರಡು ಸಲ ತಲೆತಿರುಗಿ ಬಿದ್ದ. ಬೋಮನ್ ಟ್ರಕ್ಕಿನ ಎ.ಸಿ.ಯೊಳಗೆ ಕೂತೇ ನೀರು ಕೊಡಿ ಅವನಿಗೆ ಎಂದ. ಬೋಮನ್ ನನಗಿಂತ ಹನ್ನೊಂದು ವರ್ಷ ಚಿಕ್ಕವನು. ನನಗೆ ಅವನು ಮಿಸ್ಟರ್ ಬೋಮನ್. ಅವನಿಗೆ ನಾನು ಹೊಸಿಯಾ.

ರಸ್ತೆಯ ತುದಿಗೆ ಬಂದಾಗ ಅಳತೆಯವರ ಗೂಟಗಳನ್ನು ನೋಡಿದೆ. ದಾರ ರಸ್ತೆಯುದ್ದಕ್ಕೆ ಹೋಗಬೇಕಿತ್ತು. ರಸ್ತೆಗೆ ಅಡ್ಡವಾಗಿ ಹೋಗಿತ್ತು. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಪೂರ್ತಿ ಇಪ್ಪತ್ತೆಂಟು ಅಡಿ. ನಮ್ಮ ಕೇರಿಯ ಗಡಿಗೆ ಒಂದು ಕಬ್ಬಿಣದ ಗೂಟ ಇದೆ, ನನ್ನ ತಾತನ ಕಾಲದ್ದು. ಟೇಪು ಹಿಡಿದು ಅಳೆದೆ. ದಾರದಿಂದ ಗೂಟಕ್ಕೆ ಹನ್ನೆರಡು ಅಂಗುಲ. ಮತ್ತೆ ಅಳೆದೆ. ಹನ್ನೆರಡು.

ನಕ್ಷೆ ಕೇಳಿದೆ. ಬೋಮನ್ ಟ್ರಕ್ಕಿನಿಂದಲೇ ಚಾಚಿದ. ಸ್ಟ್ರೌಡ್ ಚರ್ಚಿನಲ್ಲಿ ತೋರಿಸಿದ ಬಣ್ಣದ ನಕ್ಷೆಯಲ್ಲ, ಕಪ್ಪು ಗೆರೆಯದು. ರಸ್ತೆಯ ತುದಿಯಲ್ಲಿ ಕೂದಲೆಳೆಯಂತೆ ಇನ್ನೊಂದು ಗೆರೆ. ಅದರ ಪಕ್ಕ ಇರುವೆಯಷ್ಟು ಸಣ್ಣ ಅಕ್ಷರ: ಒಂದಡಿ ಪಟ್ಟಿ, ಕಂಪನಿಯ ಸ್ವತ್ತು. ಕೆಳಗೆ ಪುರಸಭೆಯ ಮುದ್ರೆ. ಕಡಿದಾದ ಇಳಿಜಾರಿನ ಕಾರಣ ನಿಯಮದಿಂದ ವಿನಾಯಿತಿ ಕೊಡಲಾಗಿದೆ.

ನನ್ನ ಕೈಯಲ್ಲಿ ರಸಮಟ್ಟ ಇತ್ತು. ಆ ನೆಲ ಹತ್ತಡಿಗೆ ಒಂದಂಗುಲವೂ ಇಳಿದಿರಲಿಲ್ಲ.

ಇಲ್ಲಿ ಇಳಿಜಾರಿಲ್ಲವಲ್ಲ, ಮಿಸ್ಟರ್ ಬೋಮನ್, ಅಂದೆ. ನಿನ್ನ ಕೆಲಸ ಗೆರೆ ಇದ್ದಲ್ಲಿ ಕಾಂಕ್ರೀಟು ಹಾಕೋದು ಎಂದ. ಲಾರಿ ಬಂದಿತ್ತು. ಡ್ರಮ್ಮು ತಿರುಗುತ್ತಿತ್ತು. ಹುಡುಗರು ಸಲಿಕೆ ಹಿಡಿದು ನನ್ನ ಮುಖ ನೋಡುತ್ತಿದ್ದರು.

ನಾನು ಹಾಕಿದೆ. ಮೊಣಕಾಲೂರಿ, ಬೆನ್ನು ಬಗ್ಗಿಸಿ, ನಮ್ಮ ಕೇರಿಗೆ ಅಡ್ಡ ಇಪ್ಪತ್ತೆಂಟು ಅಡಿ ಕಟ್ಟೆ ಹಾಕಿದೆ. ಅಂಚು ದುಂಡಗೆ ಮಾಡಿದೆ. ಸಂದು ನೇರ ಕೊಯ್ದೆ. ಒಳ್ಳೆ ಕೆಲಸ. ಕೆಟ್ಟದಾಗಿ ಮಾಡಲು ಈ ಕೈಗೆ ಬರುವುದಿಲ್ಲ. ಮಾರನೇ ದಿನ ಅದರ ಹಿಂದೆ ಕಬ್ಬಿಣದ ತಡೆ ನಿಲ್ಲಿಸಿದರು.

ಲವಾಡಾಳಿಗೆ ಹೇಳಿದ್ದು ಆಮೇಲೆ. ಅವಳು ನನ್ನ ಕೈಗಳನ್ನೇ ನೋಡಿದಳು.

"ಹಾಕಿ ಆದ್ಮೇಲೆ ಹೇಳಾಕೆ ಬಂದ್ಯಾ?"

ಮುಂದಿನ ವಾರ ಬೋಮನ್ ನನ್ನನ್ನು ಮೇಸ್ತ್ರಿ ಮಾಡಿದ. ಇಪ್ಪತ್ತಾರು ವರ್ಷ ಆಗದ್ದು ಆ ವಾರ ಆಯಿತು. ಕೇರಿಯವರು ಲೆಕ್ಕ ಹಾಕಿಕೊಂಡರು. ಚರ್ಚಿನಲ್ಲಿ ನಾನು ಕೂತ ಬೆಂಚು ಖಾಲಿಯಾಗತೊಡಗಿತು. ಬಾರ್ಬರ್ ಅಂಗಡಿಗೆ ನಾನು ಹೊಕ್ಕರೆ ಮಾತು ಬೇಸ್‌ಬಾಲಿಗೆ ಹೊರಳುತ್ತಿತ್ತು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೇಸ್ತ್ರಿಗಿರಿ ಯಾಕೆ ಬಂತೆಂದು ನನಗೂ ಗೊತ್ತಿರಲಿಲ್ಲ. ನನ್ನ ಕೆಲಸ ನೋಡಿ ಕೊಟ್ಟರೋ, ನನ್ನ ಮುಚ್ಚಿದ ಬಾಯಿ ನೋಡಿ ಕೊಟ್ಟರೋ. ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡರೂ ಅನುಮಾನವೇ ಬರುತ್ತಿತ್ತು.

ಜುಲೈಯಲ್ಲಿ ಪುರಸಭೆಯ ಸಭೆ. ಲವಾಡಾ ಮಾತಾಡಲು ಹೆಸರು ಕೊಟ್ಟಿದ್ದಳು. ಭಾನುವಾರದ ನೀಲಿ ಬಟ್ಟೆ, ಟೋಪಿ, ಕೈಯಲ್ಲಿ ಊಟದ ಪಟ್ಟಿಗಳು. ಕೇರಿಯಿಂದ ಮೂವತ್ತು ಜನ ಬಂದಿದ್ದರು. ನಾನು ಹಿಂದಿನ ಸಾಲಿನಲ್ಲಿ ಕೂತೆ. ಬೋಮನ್ ಮುಂದಿನ ಸಾಲಿನಲ್ಲಿದ್ದ.

ಮೂರು ನಿಮಿಷ ಸಮಯ ಎಂದರು. ಅವಳು ನಿಂತಳು. ಬಾಯಿ ತೆರೆಯುವ ಮೊದಲೇ ಅಧ್ಯಕ್ಷ ಕೇಳಿದ, ನೀವು ಪುರಸಭೆಯ ಗಡಿಯೊಳಗೆ ವಾಸಿಸುತ್ತೀರಾ? ಇಲ್ಲ ಎಂದಳು. ಹಾಗಾದರೆ ಇದು ನಿಮಗೆ ಸಂಬಂಧಿಸಿದ ವಿಷಯವಲ್ಲ, ಆದರೂ ಸೌಜನ್ಯಕ್ಕೆ ಕೇಳುತ್ತೇವೆ ಎಂದ. ವಿನಾಯಿತಿ ಕೊಟ್ಟ ಸಭೆಗೆ ನಮಗೇಕೆ ನೋಟಿಸು ಬರಲಿಲ್ಲ ಎಂದು ಅವಳು ಕೇಳಿದಳು. ನೋಟಿಸು ಗಡಿಯೊಳಗಿನ ಮನೆಗಳಿಗೆ ಮಾತ್ರ ಎಂದು ಮಿಸ್ ಕೆಸ್ಲರ್ ಓದಿ ಹೇಳಿದಳು. ಪಟ್ಟಿ ಉಳಿಸಿಕೊಳ್ಳಕೂಡದೆಂಬ ಮೂರನೇ ನಿಯಮ ಏನಾಯಿತು ಎಂದು ಲವಾಡಾ ಕೇಳಿದಳು. ನಿಯಮಪುಸ್ತಕ ಒಂದು ಮಾರ್ಗದರ್ಶಿ, ಸಂದರ್ಭ ನೋಡಿ ಸಡಿಲಿಸಬಹುದು ಎಂದರು.

"ಕಡಿದಾದ ಇಳಿಜಾರು ಅಂತ ಬರೆದಿದ್ದೀರ," ಅಂದಳು ಲವಾಡಾ. "ಆ ನೆಲ ಚಪ್ಪಟೆ ಐತೆ. ನಾನು ಹುಟ್ಟಿದಾಗಿಂದ ಅಲ್ಲಿ ನಡ್ದಿದೀನಿ. ಅಳತೆ ಮಾಡಿದೋರು ಈ ರೂಮಲ್ಲೇ ಕೂತವ್ರೆ."

ಅವಳು ಹಿಂದಿರುಗಿ ನೋಡಲಿಲ್ಲ. ನನ್ನ ಹೆಸರು ಹೇಳಲಿಲ್ಲ. ಆ ಜಾಗ ನನಗಾಗಿ ಬಿಟ್ಟಳು. ಬೋಮನ್ ನಿಧಾನಕ್ಕೆ ಕತ್ತು ತಿರುಗಿಸಿ ನನ್ನನ್ನು ಹುಡುಕಿದ. ನಾನು ನನ್ನ ಶೂ ನೋಡಿಕೊಂಡೆ. ಅದರ ಮೇಲೆ ಒಣಗಿದ ಸಿಮೆಂಟಿತ್ತು. ಗಂಟೆ ಬಾರಿಸಿದರು. ಮೂರು ನಿಮಿಷ ಮುಗಿಯಿತು ಎಂದರು.

ಹೊರಗೆ ಬಂದಾಗ ಲವಾಡಾ ನನ್ನ ಪಕ್ಕದಿಂದಲೇ ಹೋದಳು. ಅಪರಿಚಿತನ ಪಕ್ಕ ಹೋಗುವ ಹಾಗೆ.

ಆಗಸ್ಟಿನಲ್ಲಿ ಲೇಔಟಿನ ಮೊದಲ ಮನೆಗಳಿಗೆ ಜನ ಬಂದರು. ಹುಲ್ಲು ಹಾಸು, ಮಾಂಸ ಸುಡುವ ಚಕ್ರದ ಒಲೆ, ಅಂಗಳದಲ್ಲಿ ಬಾವುಟ. ನಾನು ಪಕ್ಕದ ಬೀದಿಯಲ್ಲಿ ಫುಟ್‌ಪಾತು ಹಾಕಿಸುತ್ತಿದ್ದೆ. ಒಂದು ಬುಧವಾರ ಮಧ್ಯಾಹ್ನ ಹನ್ನೆರಡೂವರೆಗೆ ಸೈರನ್ನು ಕೇಳಿತು. ಹಳಿಯ ಕಡೆಯಿಂದಲ್ಲ. ಲೇಔಟಿನ ಒಳಗೇ.

ಕರಣೆ ಬಿಸಾಕಿ ಓಡಿದೆ. ಹೆರನ್ ಲೇನಿನ ತುದಿಯಲ್ಲಿ ಆಂಬುಲೆನ್ಸು ನಿಂತಿತ್ತು. ಅದರ ಮೂತಿ ಕಬ್ಬಿಣದ ತಡೆಗೆ ತಾಗುವಷ್ಟು ಹತ್ತಿರ. ಮದರ್ ಓಜೆಲ್ಲಾ ಅಡುಗೆಮನೆಯಲ್ಲಿ ಬಿದ್ದಿದ್ದಳು. ನಮ್ಮ ಚರ್ಚಿನ ಹಿರಿಯಳು, ಎಂಬತ್ತೊಂದು ವರ್ಷ. ರೈಲು ಅಡ್ಡ ನಿಂತಿತ್ತು. ಡ್ರೈವರ್ ಬುದ್ಧಿ ಓಡಿಸಿ ಲೇಔಟಿನ ಒಳಗೆ ನುಗ್ಗಿದ್ದ. ಅವನ ನಕ್ಷೆಯಲ್ಲಿ ರಸ್ತೆ ಸೇರುತ್ತಿತ್ತು. ಈಗ ಅವನು ತಡೆಯ ಹಿಂದೆ ನಿಂತು ಇನ್ನೂರಡಿ ಆಚೆಗಿನ ಅವಳ ಬಾಗಿಲನ್ನು ನೋಡುತ್ತಿದ್ದ. ಇದು ಏನು, ಇದನ್ನು ಯಾರು ಇಲ್ಲಿ ಹಾಕಿದ್ದು ಎಂದು ಕೇಳುತ್ತಿದ್ದ. ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ನಾನು ಅವನ ಪಕ್ಕದಲ್ಲೇ ನಿಂತಿದ್ದೆ.

ಅಷ್ಟರಲ್ಲೇ ಕೇರಿಯವರು ಅವಳ ಮನೆಯ ಬಾಗಿಲನ್ನೇ ಕೀಲಿನಿಂದ ಕಿತ್ತು ಅದರ ಮೇಲೆ ಅವಳನ್ನು ಮಲಗಿಸಿ ತಂದರು. ಮುಂದೆ ಲವಾಡಾ, ಶಾಲೆಗೆ ಇನ್ನೂ ರಜೆಯಿತ್ತು. ಜೊತೆಗೆ ಮೂವರು ಹೆಂಗಸರು. ಗಂಡಸರು ಗಿರಣಿಯಲ್ಲಿದ್ದರು. ತಡೆಯ ಮೇಲೆ ಎತ್ತಬೇಕಿತ್ತು. ನಾನು ಈ ಕಡೆಯಿಂದ ಕೈ ಚಾಚಿದೆ. ಲವಾಡಾ ಒಂದು ಕ್ಷಣ ನನ್ನ ಕೈ ನೋಡಿದಳು. ಕೊಡಲೋ ಬೇಡವೋ ಎನ್ನುವಂತೆ. ಆಮೇಲೆ ಕೊಟ್ಟಳು. ನನ್ನ ಕಾಲು ಆ ಕರ್ಬಿಗೆ ಎಡವಿತು. ಬಾಗಿಲು ವಾಲಿತು. ಮದರ್ ಓಜೆಲ್ಲಾಳ ತಲೆ ಕಬ್ಬಿಣಕ್ಕೆ ಬಡಿಯುವುದರಲ್ಲಿತ್ತು, ಡ್ರೈವರ್ ಹಿಡಿದ. ಅವಳ ಕಣ್ಣು ತೆರೆದೇ ಇತ್ತು. ನನ್ನನ್ನೇ ನೋಡುತ್ತಿತ್ತು.

ಪಕ್ಕದ ಮನೆಯ ಬಿಳಿ ಹೆಂಗಸು ಬಾಗಿಲಿಗೆ ಬಂದು ನಿಂತಿದ್ದಳು. ಅಯ್ಯೋ ಪಾಪ ಎಂದಳು. ಆಂಬುಲೆನ್ಸು ಹಿಂದೆ ತಿರುಗುವಾಗ ಅದರ ಚಕ್ರ ಅವಳ ಹುಲ್ಲಿನ ಮೇಲೆ ಹೋಯಿತು. ಅವಳ ಮುಖ ಬದಲಾದದ್ದನ್ನು ನಾನು ನೋಡಿದೆ.

ಮದರ್ ಓಜೆಲ್ಲಾ ಬದುಕಿದಳು. ಲಕ್ವ ಹೊಡೆದು ಎಡಗೈ ಹೋಯಿತು, ಎಡಗಾಲು ಹೋಯಿತು, ಮಾತು ಹೋಯಿತು. ನಲವತ್ತು ವರ್ಷ ಚರ್ಚಿನಲ್ಲಿ ಮೊದಲ ಹಾಡು ಎತ್ತುತ್ತಿದ್ದವಳು. ಇನ್ನು ಸ್ವಲ್ಪ ಮೊದಲೇ ಬಂದಿದ್ದರೆ ಎಂದು ಡಾಕ್ಟರು ಹೇಳಿ, ಮಾತು ಪೂರ್ತಿ ಮಾಡದೆ ನಿಲ್ಲಿಸಿದರಂತೆ.

ಎರಡು ವಾರ ಕಳೆಯಿತು. ಶುಕ್ರವಾರ ಬೆಳಿಗ್ಗೆ ಬೋಮನ್ ನನ್ನನ್ನು ಟ್ರಕ್ಕಿನ ಹತ್ತಿರ ಕರೆದ. ಕಾಫಿ ಕೊಟ್ಟ. ಅವನು ನನಗೆ ಯಾವತ್ತೂ ಕಾಫಿ ಕೊಟ್ಟವನಲ್ಲ. ಕಪ್ಪು ಹಿಡಿದುಕೊಂಡೆ, ಕುಡಿಯಲಿಲ್ಲ. ಅವನು ಹೊಸ ನಕ್ಷೆ ಬಿಚ್ಚಿದ. ರಸ್ತೆಯ ತುದಿಯಲ್ಲಿ, ಆ ಒಂದಡಿ ಪಟ್ಟಿಯ ಮೇಲೆ, ಆರಡಿ ಎತ್ತರದ ಇಟ್ಟಿಗೆ ಗೋಡೆ. ಲೇಔಟಿನವರು ದೂರು ಕೊಟ್ಟಿದ್ದಾರೆ, ಜನ ಒಳಗೆ ನುಗ್ಗುತ್ತಿದ್ದಾರಂತೆ, ಎಲ್ಲರ ಸುರಕ್ಷತೆಗೆ ಇದು ಎಂದ. ಸೋಮವಾರದಿಂದ ನೀನೇ ನಿಂತು ಕಟ್ಟಿಸು ಎಂದ.

ನಾನು ಕಾಫಿಯನ್ನು ಟ್ರಕ್ಕಿನ ಮೂತಿಯ ಮೇಲಿಟ್ಟೆ.

"ನಾನು ಕಟ್ಟಲ್ಲ."

ಅವನಿಗೆ ಕೇಳಿಸಲಿಲ್ಲವೆಂದುಕೊಂಡೆ. ಕೇಳಿಸಿತ್ತು. "ನೀನಲ್ಲದಿದ್ರೆ ಇನ್ನೊಬ್ಬ ಕಟ್ತಾನೆ, ಹೊಸಿಯಾ."

"ಕಟ್ಟಲಿ. ಕರ್ಬ್ ನಾನು ಹಾಕ್ದೆ. ಅದು ಸಾಕು."

"ನಿನ್ನನ್ನ ಮೇಸ್ತ್ರಿ ಮಾಡಿದೀನಿ."

"ಯಾಕೆ ಮಾಡಿದ್ರಿ?"

ಅವನು ನನ್ನನ್ನು ನೋಡಿದ. ನಕ್ಷೆ ಸುತ್ತಿಕೊಳ್ಳತೊಡಗಿದ. ಎರಡು ತಿಂಗಳಿನಿಂದ ನಾನು ನನ್ನನ್ನೇ ಕೇಳಿಕೊಂಡ ಪ್ರಶ್ನೆಗೆ ಉತ್ತರ ಸಿಕ್ಕಿತು. ಮೇಸ್ತ್ರಿಯ ಹಳದಿ ಹೆಲ್ಮೆಟ್ಟು ತೆಗೆದು ಕಾಫಿಯ ಪಕ್ಕ ಇಟ್ಟೆ. ಮನೆಗೆ ನಡೆದೆ. ದಾರಿಯುದ್ದಕ್ಕೂ ಬೇಗ ಬೇಗ ಹೆಜ್ಜೆ ಹಾಕಿದೆ. ಧೈರ್ಯ ಅಲ್ಲ ಅದು. ಐವತ್ತನಾಲ್ಕು ವರ್ಷದ ಗಂಡಸಿಗೆ ಮತ್ತೆ ಯಾರು ಕೆಲಸ ಕೊಡುತ್ತಾರೆಂಬ ಹೆದರಿಕೆ.

ಮರುದಿನ ಶನಿವಾರ. ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಸಮ್ಮಟಿಗೆ ಹೆಗಲಿಗೇರಿಸಿ ಹೊರಟೆ. ಎಲ್ಲರಿಗೂ ಕಾಣುವ ಹೊತ್ತು ಬೇಕೆಂದೇ ಆರಿಸಿದ್ದು. ಕೇರಿಯ ನಡುವೆ ನಡೆದೆ. ಯಾರನ್ನೂ ಕರೆಯಲಿಲ್ಲ.

ಗೋಡೆಗೆ ಜಾಗ ಬೇಕೆಂದು ಕಬ್ಬಿಣದ ತಡೆಯನ್ನು ಕಂಪನಿಯವರು ಆಗಲೇ ಕಿತ್ತಿದ್ದರು. ಮೊದಲ ಏಟಿಗೆ ಕರ್ಬಿಗೆ ಏನೂ ಆಗಲಿಲ್ಲ. ಒಳ್ಳೆ ಕೆಲಸ ಮಾಡಿದ್ದೆನಲ್ಲ. ಆದರೆ ಸಂದು ಎಲ್ಲಿ ಕೊಯ್ದಿದ್ದೆನೆಂದು ನನಗೆ ಗೊತ್ತಿತ್ತು. ಸಂದಿಗೇ ಹೊಡೆದೆ. ನಾಲ್ಕನೆಯದಕ್ಕೆ ಬಿರುಕು ಬಿಟ್ಟಿತು. ಎಂಟನೆಯದಕ್ಕೆ ಒಂದು ತುಂಡು ಎದ್ದಿತು. ಚೂರು ಹಾರಿ ಹುಬ್ಬು ಒಡೆಯಿತು. ರಕ್ತ ಕಣ್ಣಿಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ. ಲೇಔಟಿನ ಅಂಗಳಗಳಲ್ಲಿ ಹುಲ್ಲು ಕತ್ತರಿಸುವ ಯಂತ್ರಗಳು ಒಂದೊಂದಾಗಿ ನಿಂತವು. ಜನ ಫುಟ್‌ಪಾತಿಗೆ ಬಂದು ನಿಂತರು. ಯಾರೋ ಫೋನು ಮಾಡಲು ಒಳಗೆ ಓಡಿದರು.

ನನ್ನ ಹಿಂದೆ ಸದ್ದಾಯಿತು. ಲವಾಡಾ ಎದ್ದ ತುಂಡನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಒತ್ತಿ ಎತ್ತಿಕೊಂಡು ಪಕ್ಕಕ್ಕೆ ಹಾಕುತ್ತಿದ್ದಳು. ಅವಳ ಹಿಂದೆ ಬಾಗಿಲು ಹೊತ್ತಿದ್ದ ಆ ಹೆಂಗಸರು. ಅವರ ಹಿಂದೆ ಬಾರ್ಬರ್ ಅಂಗಡಿಯವರು. ನಾನು ಒಡೆದೆ, ಅವರು ಹೊತ್ತರು. ಪೊಲೀಸರು ಬರುವ ಹೊತ್ತಿಗೆ ಹದಿನಾರು ಅಡಿ ನೆಲಸಮವಾಗಿತ್ತು.

ಸಮ್ಮಟಿಗೆ ಕೆಳಗಿಡು ಎಂದರು. ಇಟ್ಟೆ. ಮುಖ ನೆಲಕ್ಕೆ ಹಚ್ಚಿ ಮಲಗಿಸಿದರು. ಒಡೆದ ಸಿಮೆಂಟಿನ ಮೇಲೆ ಕೆನ್ನೆ. ಬೆನ್ನ ಮೇಲೆ ಒಬ್ಬನ ಮೊಣಕಾಲು. ಅಷ್ಟು ಹತ್ತಿರದಿಂದ ನೋಡಿದಾಗಲೂ ಆ ನೆಲ ಚಪ್ಪಟೆಯೇ ಇತ್ತು.

ಸಾರ್ವಜನಿಕ ಸ್ವತ್ತಿಗೆ ಹಾನಿ ಎಂದು ಕೇಸು. ನನಗೆ ಸರ್ಕಾರವೇ ಕೊಟ್ಟ ವಕೀಲ ಚಿಕ್ಕ ವಯಸ್ಸಿನವನು. ಆದರೆ ಲವಾಡಾ ಬರೆದುಕೊಟ್ಟ ಪ್ರಶ್ನೆಗಳನ್ನು ನುಂಗದೆ ಕೇಳಿದ. ಸಾಕ್ಷಿಗೆ ನಿಂತ ಮಿಸ್ ಕೆಸ್ಲರ್‌ಳನ್ನು ಆ ಕರ್ಬ್ ಸಾರ್ವಜನಿಕ ರಸ್ತೆಯದೋ ಎಂದು ಕೇಳಿದ. ಹೌದು ಎಂದಳು. ಸಾರ್ವಜನಿಕರು ಅಂದರೆ ಟ್ಯಾನ್‌ಯಾರ್ಡಿನವರೂ ಸೇರುತ್ತಾರೋ ಎಂದ. ಅವಳು ಸರ್ಕಾರಿ ವಕೀಲನ ಮುಖ ನೋಡಿದಳು. ಅವನು ಎದ್ದು ಆಕ್ಷೇಪ ಎಂದ. ಜಡ್ಜು ಒಪ್ಪಿದರು. ಪ್ರಶ್ನೆ ಬರವಣಿಗೆಗೆ ಇಳಿಯಲಿಲ್ಲ. ನನಗೆ ನಲವತ್ತೈದು ದಿನ.

ಜೈಲಿನಲ್ಲಿ ಲವಾಡಾ ನನ್ನನ್ನು ನೋಡಲು ಬಂದಳು. ನಡುವೆ ಗಾಜು. ಕರ್ಬನ್ನು ಮತ್ತೆ ಹಾಕಿದರಂತೆ, ಬೇರೆ ಊರಿಂದ ಕೆಲಸಗಾರರನ್ನು ಕರೆಸಿ. ಅಂಚು ಸೊಟ್ಟಗಿದೆ ಎಂದಳು. ನನಗೆ ನಗು ಬಂತು. ಗೋಡೆ ಏನಾಯಿತು ಎಂದೆ. ಅದನ್ನು ಕಟ್ಟಲು ಆಗಲಿಲ್ಲವಂತೆ. ಆರಡಿ ಗೋಡೆಗೆ ಎರಡಡಿ ಅಗಲದ ಪಾಯ ಬೇಕು, ಅವರ ಹತ್ತಿರ ಇರುವುದು ಒಂದಡಿ ನೆಲ. ಉಳಿದ ಒಂದಡಿ ಮದರ್ ಓಜೆಲ್ಲಾಳ ಹಿತ್ತಿಲು. ಆ ಒಂದಡಿ ಬರೆಸಿಕೊಳ್ಳಲು ಸ್ಟ್ರೌಡ್ ಕಾಗದ ಹಿಡಿದು ಬಂದನಂತೆ, ಈ ಸಲ ತಿನ್ನಲು ಕೂರಲಿಲ್ಲ. ಮದರ್ ಓಜೆಲ್ಲಾ ಬಲಗೈಯಿಂದ ಪೆನ್ನು ತೆಗೆದುಕೊಂಡು ನೆಲಕ್ಕೆ ಹಾಕಿದಳಂತೆ. ಆದ್ದರಿಂದ ಆ ಪಟ್ಟಿಯಲ್ಲಿ ಬೆಳೆದ ಮುಳ್ಳುಗಿಡಗಳನ್ನೇ ತಂದು ನೆಟ್ಟಿದ್ದಾರೆ, ಬೆರಳುದ್ದದ ಮುಳ್ಳು. ನಿಯಮಪುಸ್ತಕದಲ್ಲಿ ಅದಕ್ಕೆ ಹಸಿರು ಬೇಲಿ ಎಂದು ಹೆಸರಿದೆ, ಅದಕ್ಕೆ ಅಡ್ಡಿಯಿಲ್ಲ.

"ಹಂಗಾದ್ರೆ ನಾನು ಮಾಡಿದ್ದು ದಂಡ," ಅಂದೆ.

ಅವಳು ಗಾಜಿನ ಹತ್ತಿರ ಬಾಗಿದಳು. "ನಿನ್ನ ಮೇಲೆ ನಂಗೆ ಅನುಮಾನ ಇತ್ತು ಕಣೋ. ಬೇರೆಯವರ ಮೇಲೆ ಇದ್ದಿದ್ದಕ್ಕಿಂತ ಜಾಸ್ತಿ ಇತ್ತು." ಪರ್ಸು ಎತ್ತಿಕೊಂಡು ಎದ್ದಳು. "ಇವಾಗಿಲ್ಲ."

ಅಕ್ಟೋಬರಿನಲ್ಲಿ ಬಿಟ್ಟರು. ಹೆದ್ದಾರಿಯಲ್ಲಿ ಬಸ್ಸಿಳಿದಾಗ ಮಧ್ಯಾಹ್ನ ಮೂರು ಗಂಟೆ. ಹಳಿಯ ಕಡೆಯಿಂದ ಸುತ್ತಿ ಹೋದರೆ ಎರಡು ಮೈಲಿ. ನಾನು ಲೇಔಟಿನೊಳಗೆ ನಡೆದೆ. ನನ್ನ ಕೈಯಿಂದ ಎಳೆದ ಫುಟ್‌ಪಾತಿನ ಮೇಲೆ. ಅಲ್ಲಿ ಬೇರೆ ಯಾರೂ ನಡೆಯುತ್ತಿರಲಿಲ್ಲ. ಕಿಟಕಿಯ ಪರದೆಗಳು ಅಲುಗಿದವು. ಎರಡನೇ ತಿರುವಿನಲ್ಲಿ ಪೊಲೀಸು ಕಾರೊಂದು ಹಿಂದೆ ಬಂತು. ನನ್ನ ನಡಿಗೆಯ ವೇಗಕ್ಕೇ ಉರುಳಿತು. ಕಿಟಕಿ ಇಳಿಯಿತು.

"ಎಲ್ಲಿಗೆ?"

"ಮನೆಗೆ."

"ಈ ರಸ್ತೆ ಅಲ್ಲಿಗೆ ಹೋಗಲ್ಲ."

"ನಾನು ಹೋಗ್ತೀನಿ."

ಅವನು ರೇಡಿಯೋದಲ್ಲಿ ಏನೋ ಹೇಳಿದ. ನಾನು ನಿಲ್ಲಲಿಲ್ಲ. ರಸ್ತೆಯ ತುದಿಯಲ್ಲಿ ಮುಳ್ಳುಬೇಲಿ ಸೊಂಟದೆತ್ತರ ಇತ್ತು. ನಡುವೆ ಒಂದು ಸಂದು, ಇಬ್ಬರು ಒಟ್ಟಿಗೆ ಹೋಗುವಷ್ಟು ಅಗಲ. ಕಂಪನಿಯವರು ಪ್ರತಿ ಸೋಮವಾರ ಹೊಸ ಗಿಡ ನೆಡುತ್ತಾರೆ. ಕೇರಿಯವರು ಸರದಿ ಹಾಕಿಕೊಂಡಿದ್ದಾರೆ, ವಾರ ಮುಗಿಯುವುದರೊಳಗೆ ಕಡಿಯುತ್ತಾರೆ. ಲವಾಡಾ ಆಚೆ ಕಡೆ ನಿಂತಿದ್ದಳು. ಶಾಲೆಯ ಏಪ್ರನ್ನು ಬಿಚ್ಚಿರಲಿಲ್ಲ. ಕೈಯಲ್ಲಿ ಗಿಡ ಕಡಿಯುವ ದೊಡ್ಡ ಕತ್ತರಿ. ಮೊಣಕೈವರೆಗೂ ಗೀರು.

ಹೇಗಿದ್ದೀಯ ಎಂದು ಕೇಳಲಿಲ್ಲ. ನನ್ನ ಹಿಂದೆ ನಿಂತ ಕಾರನ್ನು ನೋಡಿದಳು. ಅದರೊಳಗಿದ್ದವನನ್ನು ನೋಡಿದಳು. ಕತ್ತರಿಯ ಹಿಡಿಯನ್ನು ನನ್ನ ಕಡೆ ತಿರುಗಿಸಿದಳು.

"ಇನ್ನೂ ಅಗಲ ಬೇಕು," ಅಂದಳು. "ಆಂಬುಲೆನ್ಸು ಹೋಗೋವಷ್ಟು."

ಕಾರಿನ ಬಾಗಿಲು ತೆರೆದ ಸದ್ದು ಕೇಳಿತು. ನಾನು ತಿರುಗಲಿಲ್ಲ. ಕತ್ತರಿಯನ್ನು ಗಿಡದ ಬುಡಕ್ಕೇ ಇಟ್ಟೆ.